ಒಂದೇ ಮನೆ ಒಡೆದಾಗ

ಮೊನ್ನೆ ನಾಲವಾರ ಸ್ಟೇಷನ್ ಹತ್ತಿರ ಚಹಾ ಕುಡಿಯುತ್ತಿದ್ದೆ. ಹಿರಿಯರೊಬ್ಬರು ಕೇಳಿದರು: "ಎಲ್ಲಾ ಒಂದೇ ಮನಿ ಮಂದಿ ಇದ್ರಲ್ರೀ, ಬ್ಯಾರೆ ಪಾರ್ಟಿ ಯಾಕ ಕಟ್ಟಿದ್ರು?"

ವೀಕ್ಷಕರೇ, ಪಕ್ಷಗಳು ಹುಟ್ಟೋದೇ ಹಾಗೆ. ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್‌ಗೆ ಪಕ್ಷ ಅಂದರೆ ಆಗುತ್ತಿರಲಿಲ್ಲ. ಆದರೆ ಅವರ ಸಂಪುಟದಲ್ಲೇ ಕೂತಿದ್ದ ಹ್ಯಾಮಿಲ್ಟನ್, ಜೆಫರ್ಸನ್ ಎದುರಾಳಿ ಪಕ್ಷಗಳ ನಾಯಕರಾದರು.

ನಮ್ಮಲ್ಲಿ ಅದು 1969. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಬಿರುಕು ಬಿಟ್ಟ ಕಾಂಗ್ರೆಸ್, ನವೆಂಬರ್‌ನಲ್ಲಿ ಒಡೆದೇ ಹೋಯಿತು. ಆಗ ಮುಖ್ಯಮಂತ್ರಿ ಈ ಸೀಮೆಯವರೇ, ಚಿಂಚೋಳಿಯ ವೀರೇಂದ್ರ ಪಾಟೀಲರು. ಇಂದಿರಾ ಗಾಂಧಿಯವರ ಜೊತೆ ಹೋಗದೆ ನಿಜಲಿಂಗಪ್ಪನವರ ಪರ ನಿಂತರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27ಕ್ಕೆ 27 ಸೀಟುಗಳೂ ಇಂದಿರಾ ಪಾಲಾದವು. ಪಾಟೀಲರ ಸರ್ಕಾರವೂ ಬಿತ್ತು. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಎದುರೇ ನಿಂತು ಸೋತರು.

ಹಾಗಾದರೆ ಎಲ್ಲಾ ವ್ಯರ್ಥವೇ? ಅಲ್ಲ. ಪಾಟೀಲರ ಸಂಪುಟದಲ್ಲಿದ್ದ ರಾಮಕೃಷ್ಣ ಹೆಗಡೆ 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ತಮಾಷೆ ನೋಡಿ, ಅಷ್ಟೊತ್ತಿಗೆ ಪಾಟೀಲರು ಕಾಂಗ್ರೆಸ್‌ಗೆ ಮರಳಿದ್ದರು!

ಹಿರಿಯರಿಗೆ ನಾನು ಹೇಳಿದ್ದಿಷ್ಟೇ: ಮನೆ ಒಂದೇ ಇದ್ದಾಗ ಮುಖ್ಯಮಂತ್ರಿ ಯಾರು ಅಂತ ಮನೆಯೊಳಗೇ ತೀರ್ಮಾನ ಆಗುತ್ತಿತ್ತು. ಒಡೆದ ಮೇಲೆ, ಸರ್ಕಾರವನ್ನೇ ಬದಲಿಸುವ ಅಧಿಕಾರ ನಿಮ್ಮ ಕೈಗೆ ಬಂತು.