ಪಿರೆನೀಸ್ ಹೂವಿನ ಬಿತ್ತನೆ ಕಾಲ

ಕೊಂಬಿನ ವಯೋಲೆಟ್ಟನ್ನು ನಡುಬೇಸಿಗೆಯಲ್ಲಿ ಬಿತ್ತಿ, ಸೆಪ್ಟೆಂಬರ್ ಹೊತ್ತಿಗೆ ಮಡಿಗೆ ನಾಟುವ ಯುರೋಪಿನ ರೂಢಿಯ ಬೇರು ಗಿಡದ ಹುಟ್ಟುನೆಲದಲ್ಲೇ ಇದೆ. ಫ್ರಾನ್ಸ್, ಸ್ಪೇನ್ ನಡುವಿನ ಪಿರೆನೀಸ್ ಬೆಟ್ಟಗಳ ಹುಲ್ಲುಗಾವಲು ಇದರ ತವರು. ಸಸ್ಯವಿಜ್ಞಾನಿ ಲಿನೇಯಸ್ 1763ರಲ್ಲಿ ಇದಕ್ಕೆ ವಯೋಲಾ ಕಾರ್ನ್ಯೂಟಾ ಎಂದು ಹೆಸರಿಟ್ಟ. ಹಿಮವನ್ನು ಸಹಿಸುವ ಈ ಗಿಡಕ್ಕೆ ಒಣ ಸೆಕೆಯೇ ಶತ್ರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಹೂವಿನ ತಳಿಗಾರರಾದ ಜೇಮ್ಸ್ ಗ್ರೀವ್, ಚಾರ್ಲ್ಸ್ ಸ್ಟುವರ್ಟ್ ಇಬ್ಬರೂ ಇದನ್ನು ಪ್ಯಾನ್ಸಿಯೊಂದಿಗೆ ಅಡ್ಡತಳಿ ಮಾಡಿ, ಒತ್ತಾಗಿ ಹಬ್ಬಿ ವರ್ಷಗಟ್ಟಲೆ ಬಾಳುವ ವಯೋಲಾಗಳನ್ನು ಬೆಳೆಸಿದರು. ಆ ಕೆಲಸ ತಂಪುನಾಡಾದ ಸ್ಕಾಟ್ಲೆಂಡಿನಲ್ಲಿ ಕೈಗೂಡಿದ್ದು ಬರಿಯ ಆಕಸ್ಮಿಕವೆಂದು ನನಗನಿಸುವುದಿಲ್ಲ.

ಫೆಬ್ರವರಿಯಲ್ಲಿ ಗಾಜಿನ ಮನೆಯೊಳಗೆ ಬಿತ್ತಿದರೂ ಅದೇ ವರ್ಷ ಹೂ ಬರುತ್ತದಲ್ಲ ಎಂದು ಕೇಳಬಹುದು. ಬರುತ್ತದೆ, ನಿಜ. ಆದರೆ ಬೇರು ಬಲಿಯುವ ಮುನ್ನವೇ ಬಿಸಿಲೇರಿ ಗಿಡ ಸೊರಗುತ್ತದೆ. ಶರತ್ಕಾಲದಲ್ಲಿ ನೆಟ್ಟದ್ದಕ್ಕಾದರೋ ತಣ್ಣನೆಯ ಮಣ್ಣಿನಲ್ಲಿ ಬೇರೂರಲು ತಿಂಗಳುಗಳ ಬಿಡುವಿರುತ್ತದೆ. ವಸಂತ ಬಂದೊಡನೆ ಮಡಿ ತುಂಬ ಹೂ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ವಯೋಲಾ ಬಿತ್ತುವುದಕ್ಕೂ ಇದೇ ತರ್ಕ. ಬೀಜದ ಪೊಟ್ಟಣದ ಮೇಲೆ ಅಚ್ಚಾದ ತಿಂಗಳನ್ನು ನಂಬುವ ಬದಲು, ನಿಮ್ಮೂರಲ್ಲಿ ಮುಂದೆ ಎಷ್ಟು ತಂಪಿನ ದಿನಗಳಿವೆ ಎಂದು ನೋಡಿ ಬಿತ್ತಿರಿ.