ಕಿಟಕಿ ತೊಳೆಯುವ ಉದ್ಯೋಗ: ಗಾಡಿ ಯಾವುದು, ಟ್ಯಾಂಕ್ ಎಷ್ಟು?

ಕೋಸಗಿ, ಮಕ್ತಲ್, ಗದ್ವಾಲ ಭಾಗದಿಂದ ಹೈದರಾಬಾದಿಗೆ ದುಡಿಯಲು ಹೋಗುವ ಯುವಕರಿಗೆ ಗಾಜಿನ ಕಟ್ಟಡಗಳ ಕಿಟಕಿ ತೊಳೆಯುವುದು ಸ್ವಂತ ಉದ್ಯೋಗವಾಗಬಲ್ಲದು. ಆದರೆ ಸಾಲ ಮಾಡಿ ಗಾಡಿ ಕೊಳ್ಳುವ ಮುನ್ನ ಒಂದು ಲೆಕ್ಕವನ್ನು ಮಾಡಲೇಬೇಕು.

1 ಲೀಟರ್ ನೀರಿನ ತೂಕ 1 ಕಿಲೊ. ಗಾಡಿಯ ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕವನ್ನು ಕಳೆದರೆ ಹೊರಬಹುದಾದ ಭಾರ ದೊರೆಯುತ್ತದೆ. ಅದು 750 ಕಿಲೊ ಎಂದಿಟ್ಟುಕೊಳ್ಳೋಣ. ಚಾಲಕ ಸೇರಿ ಇಬ್ಬರಿಗೆ 130, ಟ್ಯಾಂಕ್, ಪಂಪು, ಬ್ಯಾಟರಿ, ಪೈಪು, ಏಣಿಗಳಿಗೆ 150 ಕಳೆದರೆ ಉಳಿಯುವುದು 470. ಆದ್ದರಿಂದ 400 ಲೀಟರಿನ ಟ್ಯಾಂಕೇ ಯೋಗ್ಯ. 750 ಲೀಟರಿನದು ಅಪಾಯಕರ.

ಉದ್ದ ಕೋಲಿನ ಬ್ರಷ್ಷಿಗೆ ನಿಮಿಷಕ್ಕೆ ಒಂದೂವರೆ ಲೀಟರ್ ಹರಿದರೂ 400 ಲೀಟರ್ ನಾಲ್ಕು ಗಂಟೆಗೂ ಮೀರಿ ಸಾಲುತ್ತದೆ. ಕೊಳವೆಬಾವಿಯ ಗಡಸು ನೀರು ಒಣಗಿದಾಗ ಗಾಜಿನ ಮೇಲೆ ಬಿಳಿ ಕಲೆ ಉಳಿಯುವುದರಿಂದ ಲವಣಾಂಶ ತೆಗೆದ ನೀರನ್ನೇ ತುಂಬಬೇಕು.

ಅರ್ಧ ತುಂಬಿದ ಟ್ಯಾಂಕಿನ ನೀರು ಬ್ರೇಕ್ ಹಾಕಿದಾಗ ಮುನ್ನುಗ್ಗಿ ಗಾಡಿಯನ್ನು ಓಲಾಡಿಸುತ್ತದೆ. ಒಳಗೆ ಅಡ್ಡತಡೆಗಳಿರುವ ಟ್ಯಾಂಕನ್ನು ಆರಿಸಿ, ಚಾಸಿಗೆ ಬೋಲ್ಟ್ ಹಾಕಿ ಬಿಗಿಸಬೇಕು.

ಇದು ಪ್ರಾಥಮಿಕ ಶಾಲೆಯ ಕಳೆಯುವ ಲೆಕ್ಕ. ಮನೆಯ ಮಕ್ಕಳಿಂದಲೇ ಆರ್‌ಸಿ ಓದಿಸಿ, ಕನ್ನಡದಲ್ಲೇ ಲೆಕ್ಕ ಮಾಡಿಸಿರಿ; ಆ ಬಳಿಕ ಮುಂಗಡ ಕೊಡಿರಿ.