ಹುಸಿನೊಣವೂ ಕಾಡುಕೋಳಿಯ ಗರಿಯೂ

ನಸುಕಿನಲ್ಲಿ ಕಾಫಿತೋಟದ ಅಂಚಿಗೆ ಬಂದು ಕೂಗುವ ಬೂದು ಕಾಡುಕೋಳಿಯ ಹುಂಜವನ್ನು ಅರಿಯದವರು ಹುದಿಕೇರಿಯ ಸುತ್ತಿನಲ್ಲಿ ಇರಲಾರರು. ಆದರೆ ಆ ಜಾತಿಯ ಹುಂಜದ ಕೊರಳ ಗರಿಯು ಒಂದು ಕಾಲದಲ್ಲಿ ಕಡಲನ್ನು ದಾಟಿ, ಸ್ಕಾಟ್ಲೆಂಡಿನ ಹೊಳೆಗಳಲ್ಲಿ ಸಾಲ್ಮನ್ ಮೀನನ್ನು ಮರುಳುಗೊಳಿಸುವ ಉಪಕರಣವಾಗಿತ್ತೆಂಬ ಸಂಗತಿಯು ವಾಚಕರಲ್ಲಿ ಅನೇಕರಿಗೆ ಹೊಸತಾಗಿ ತೋರಬಹುದು.

ನಮ್ಮವರು ಗಾಳಕ್ಕೆ ಎರೆಹುಳುವನ್ನೋ ರಾಗಿಹಿಟ್ಟಿನ ಉಂಡೆಯನ್ನೋ ಸಿಕ್ಕಿಸುವ ಕಡೆ, ಆಂಗ್ಲರು ಬರಿಯ ಕೊಕ್ಕೆಗೆ ಗರಿ, ತುಪ್ಪಟ, ಜರಿಯ ಎಳೆಗಳನ್ನು ಕಟ್ಟಿ ಹುಸಿನೊಣವನ್ನು ಮಾಡುತ್ತಿದ್ದರು. ಅದರ ಸಲಕರಣೆಗಳು ಅಕ್ಕಸಾಲಿಗನ ಪೆಟ್ಟಿಗೆಯನ್ನು ನೆನಪಿಗೆ ತರುವಂಥವು: ಕೊಕ್ಕೆಯನ್ನು ಕಚ್ಚಿ ಹಿಡಿಯುವ ಪುಟ್ಟ ವೈಸು, ಗರಿಯ ತುದಿಯನ್ನು ಹಿಡಿದು ಸುತ್ತುವ ಚಿಮಟ, ಸಣ್ಣ ಕತ್ತರಿ, ಸೂಜಿ, ಮೇಣ ತೀಡಿದ ರೇಷ್ಮೆದಾರ. ಹಳೆಯ ಕಸಬಿನವರಲ್ಲಿ ಕೆಲವರು ವೈಸನ್ನು ಒಲ್ಲದೆ ಬೆರಳುಗಳಲ್ಲಿಯೇ ಕಟ್ಟುತ್ತಿದ್ದರು. ನೈಲಾನ್ ಬರುವ ಮೊದಲು ಕೊಕ್ಕೆಗೂ ದಾರಕ್ಕೂ ನಡುವಿನ ಎಳೆಯನ್ನು ರೇಷ್ಮೆಹುಳುವಿನ ಒಡಲಿನ ಗ್ರಂಥಿಯಿಂದಲೇ ಎಳೆದು ತೆಗೆಯುತ್ತಿದ್ದರು. ಸ್ಪೇನ್ ದೇಶದ ಮುರ್ಸಿಯಾ ಪ್ರಾಂತವು ಇದಕ್ಕೆ ಹೆಸರಾಗಿತ್ತು.

ಇನ್ನು ಗರಿಯ ವಿಶೇಷ. ಕಾಡುಹುಂಜದ ಕೊರಳ ಗರಿಯ ನಡುದಂಟು ತುದಿಯತ್ತ ಚಪ್ಪಟೆಯಾಗಿ ಅಗಲಿ, ಅರಗು ಹಚ್ಚಿದಂತೆ ಹೊಳೆಯುವ ಚುಕ್ಕೆಯಾಗುತ್ತದೆ. ಇದನ್ನು ಹುಸಿನೊಣದ ಎರಡು ಕೆನ್ನೆಗಳಿಗೂ ಕಟ್ಟಿದರೆ ನೀರಿನಲ್ಲಿ ಕಣ್ಣುಗಳಂತೆ ಮಿನುಗುವುದು. 1895ರಲ್ಲಿ ಪ್ರಕಟವಾದ ಜಾರ್ಜ್ ಕೆಲ್ಸನ್ ಅವರ ‘ದಿ ಸಾಲ್ಮನ್ ಫ್ಲೈ’ ಗ್ರಂಥದಲ್ಲಿ ಈ ಗರಿಯನ್ನು ಬೇಡುವ ನಮೂನೆಗಳು ಹೇರಳವಾಗಿವೆ. ಸಾಲ್ಮನ್ ಮೀನು ಮೊಟ್ಟೆಯಿಡಲು ಹೊಳೆಯನ್ನು ಏರಿದ ಮೇಲೆ ಆಹಾರವನ್ನೇ ಬಿಡುವುದೆಂಬುದನ್ನು ನೆನೆದಾಗ, ಇಷ್ಟೆಲ್ಲ ಶೃಂಗಾರವು ಮೀನಿನ ಸಲುವಾಗಿಯೋ ಮೀನು ಹಿಡಿಯುವವನ ಸಲುವಾಗಿಯೋ ಎಂಬ ಸಂದೇಹವು ನನಗೆ ಬಾರದಿಲ್ಲ.

ಗರಿಯು ಇಲ್ಲಿಂದ ಹೋಯಿತು. ಗಾಳದ ಶಾಸ್ತ್ರವು ಅಲ್ಲಿಂದ ಬಂತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ನಮ್ಮ ಹೊಳೆಗಳ ಮಹಸೀರ್, ಅರ್ಥಾತ್ ಬಿಳಿಮೀನು, ಸೆಣಸಾಟದಲ್ಲಿ ಸಾಲ್ಮನ್ನಿಗಿಂತ ಮಿಗಿಲೆಂದು ಅವರು ವಾದಿಸಿದರು. ಅದಕ್ಕೆ ಹುಸಿನೊಣವಲ್ಲದೆ ನೀರಿನಲ್ಲಿ ತಿರುಗುತ್ತ ಹೊಳೆಯುವ ಲೋಹದ ಚಮಚವನ್ನೂ ಗಾಳಕ್ಕೆ ಕಟ್ಟುತ್ತಿದ್ದರು. ಹೊಳೆಗೆ ವಿಷ ಹಾಕುವುದನ್ನೂ ಸಣ್ಣ ಕಣ್ಣಿನ ಬಲೆಯನ್ನೂ ಥಾಮಸರು ಖಂಡಿಸಿದರು. ವಿಷಕ್ಕೂ ಸಿಡಿಮದ್ದಿಗೂ ನಿಷೇಧವು 1897ರ ಮೀನುಗಾರಿಕೆಯ ಕಾಯಿದೆಯಿಂದ ಬಂದಿತು. ನಮ್ಮ ಕಾರೆಕಾಯಿಯ ಪ್ರಯೋಗವೂ ಈ ದೋಷಕ್ಕೆ ಹೊರತಲ್ಲ. ಮುಂಗಾರಿನಲ್ಲಿ ಗದ್ದೆಯ ಕಂಡಿಗೆ ಇಡುವ ಬಿದಿರಿನ ಕೂಳಿಯು, ಒಳಗೆ ಹೊಕ್ಕ ಮೀನು ತಿರುಗಿ ಬಾರದಂತೆ ಹೆಣೆದ ಜಾಣ್ಮೆಯ ವಸ್ತುವೇ ಸರಿ. ಆದರೂ ಅದರಲ್ಲಿ ಬೀಳುವ ಹತ್ತುಮೀನು ಮೊಟ್ಟೆ ತುಂಬಿಕೊಂಡದ್ದೆಂಬುದನ್ನು ಮರೆಯಲಾಗದು.

ನಮ್ಮ ಬ್ರಹ್ಮಗಿರಿಯ ಆಚೆಯ ವಯನಾಡಿನಲ್ಲಿ ಹುಟ್ಟಿ ಬರುವ ಕಬಿನಿಯಲ್ಲಿ, 1946ರಲ್ಲಿ, ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡು ತೂಕದ ಬಿಳಿಮೀನನ್ನು ಗಾಳದಲ್ಲಿ ಹಿಡಿದರು. ಕಾವೇರಿಯ ಆ ಗೂನುಬೆನ್ನಿನ ಜಾತಿಗೆ ಸರಿಯಾದ ಶಾಸ್ತ್ರೀಯ ನಾಮವು ಟೋರ್ ರೆಮಾದೇವಿ ಎಂದು ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು.

ಕಾಡುಕೋಳಿಯ ಗತಿ ಇಷ್ಟು ಕೆಡಲಿಲ್ಲ. ಕಾಡುಹಕ್ಕಿಗಳ ಗರಿಯನ್ನು ಹೊರದೇಶಕ್ಕೆ ಸಾಗಿಸುವುದನ್ನು ಹಿಂದೂಸ್ಥಾನ ಸರಕಾರವು 1902ರಲ್ಲಿ ತಡೆಯಿತು. 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯೂ ಅದಕ್ಕೆ ದೊರೆಯಿತು. ಮಳೆಗಾಲದಲ್ಲಿ ಆ ಹುಂಜವು ತನ್ನ ಕೊರಳ ಗರಿಗಳನ್ನು ತಾನಾಗಿಯೇ ಉದುರಿಸಿ ಮಂಕಾದ ಗರಿಗಳನ್ನು ತಳೆಯುತ್ತದೆ. ವ್ಯಾಪಾರಿಗಳಿಗೆ ಆ ಉದುರುಗರಿಯು ಬೇಡವಾಗಿತ್ತು. ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಗರಿ ನಿಂತಿರುವ ಇಡಿಯ ಕೊರಳ ತೊಗಲೇ ಅವರಿಗೆ ಬೇಕಾಗಿತ್ತು.